ಭುಜವೋ ಗೊರಸೋ: ಕುಂಟುವ ಕುದುರೆಯ ನರ ಮರಗಟ್ಟಿಸಿ ನೋಡುವುದು

ಅಕ್ಕಲಕೋಟ, ಜತ್ತ ಕಡೆಯ ಮೆರವಣಿಗೆ ಕುದುರೆ ಮುಂಗಾಲು ಕುಂಟಿದರೆ ಮಾಲಕರ ಮೊದಲ ಮಾತು, ‘ಭುಜ ಹಿಡದೈತ್ರಿ ಡಾಕ್ಟರ್ರ’. ಹೆಚ್ಚಿನ ಸಲ ನೋವಿರುವುದು ಗೊರಸಿನಲ್ಲಿ. ಬಾಯಿಮಾತಿನಲ್ಲಿ ವಾದಿಸದೆ ಸೂಜಿಯಿಂದಲೇ ತೋರಿಸುತ್ತೇನೆ: ಗೊರಸಿನ ನರ ಮರಗಟ್ಟಿಸಿದಾಗ ಕುಂಟು ಹೋದರೆ ನೋವು ಭುಜದಲ್ಲಿಲ್ಲ, ಕೆಳಗಿದೆ.

ಮೊದಲು ಲಾಳದ ಮೊಳೆಗಳನ್ನು ತಟ್ಟಿ, ಗೊರಸನ್ನು ಇಕ್ಕಳದಿಂದ ಸುತ್ತಲೂ ಒತ್ತಿ ನೋಡುತ್ತೇನೆ. ಒಳಗೆ ಕೀವಿದ್ದರೆ ಅಲ್ಲಿಗೇ ಕೆಲಸ ಮುಗಿಯಿತು. ಕುದುರೆ ಕಾಲೂರಲು ಒಪ್ಪದಿದ್ದರೆ ನರದ ಇಂಜೆಕ್ಷನ್ ಕೊಡಲೇಬಾರದು. ಎಲುಬು ಸೀಳಿದ್ದರೆ ನೋವು ಮರೆತು ಭಾರ ಹಾಕುತ್ತದೆ, ಸೀಳು ಪೂರ್ತಿ ಮುರಿಯುತ್ತದೆ.

ಆಮೇಲೆ ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು ಓಡಿಸಿ ನೋಡಬೇಕು. ನೋವಿನ ಮುಂಗಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ. ಈ ಓಟವನ್ನು ಮೊಬೈಲಿನಲ್ಲಿ ಹಿಡಿದಿಡುತ್ತೇನೆ, ಇಂಜೆಕ್ಷನ್ ನಂತರದ ಓಟಕ್ಕೆ ಹೋಲಿಸಲು ಬೇರೆ ಆಧಾರವಿಲ್ಲ. ಮಂಪರಿನ ಔಷಧ ಬೇಡ. ಕ್ಸೈಲಜೀನ್ ನೋವನ್ನೂ ತಗ್ಗಿಸಿ ನಡಿಗೆ ಕೆಡಿಸುತ್ತದೆ. ತೀರಾ ಅಗತ್ಯವಾದರೆ ಮೂತಿಗೆ ಹಗ್ಗದ ಕುಣಿಕೆ ಸಾಕು.

ಶುರು ಯಾವಾಗಲೂ ಕೆಳಗಿನಿಂದ. ಕಾಲೆತ್ತಿ ಹಿಡಿದು, ಗೊರಸಿನ ಹಿಂಭಾಗದ ಹಿಮ್ಮಡಿಯ ಮೇಲೆ ಎರಡೂ ಬದಿ ಸ್ನಾಯುರಜ್ಜಿನ ಅಂಚಿನಲ್ಲಿ ಬೆರಳಾಡಿಸಿದರೆ ರಕ್ತನಾಳ ಸಿಗುತ್ತದೆ, ನರ ಅದರ ಹಿಂದೆಯೇ ಇದೆ. ಮಣ್ಣು ತೊಳೆದು, ಸ್ಪಿರಿಟ್ ಒರೆಸಿ, ಗೊರಸಿನ ಪಕ್ಕದ ಮೃದ್ವಸ್ಥಿಯ (ಮೆತ್ತನೆ ಎಲುಬಿನ) ತುದಿಗಿಂತ ಸ್ವಲ್ಪ ಮೇಲೆ 25 ಗೇಜಿನ ಸೂಜಿಯನ್ನು ಕೆಳಮುಖವಾಗಿ, ಸಿರಿಂಜ್ ಇಲ್ಲದೆ ಚುಚ್ಚುತ್ತೇನೆ. ರಕ್ತ ಬಂದರೆ ತುಸು ಹಿಂದೆಳೆಯುವುದು. ಆಮೇಲೆ ಒಂದೊಂದು ಬದಿಗೆ ಒಂದೂವರೆ ಮಿಲಿ, ಮರಗಟ್ಟಿಸುವ ಔಷಧವಾದ 2% ಲಿಗ್ನೊಕೇನ್. ಸೀಸೆಯ ಚೀಟಿ ಓದಿಯೇ ಎಳೆಯಿರಿ: ಅಡ್ರಿನಲಿನ್ ಬೆರೆತದ್ದು ಬೇಡ, ಚರ್ಮ ಸತ್ತು ಬಿಳಿಕೂದಲು ಹುಟ್ಟಬಹುದು. ಅದೇ ಬಗೆಯ ಮೆಪಿವಕೇನ್ ಸಿಕ್ಕರೆ ಅದೇ ಒಳ್ಳೆಯದು, ಉರಿ ಕಡಿಮೆ, ಹೆಚ್ಚು ಹೊತ್ತು ನಿಲ್ಲುತ್ತದೆ.

ಐದು ನಿಮಿಷಕ್ಕೆ ಪೆನ್ನಿನ ಮೊನೆಯಿಂದ ಹಿಮ್ಮಡಿ ಒತ್ತಿ. ಕಾಲು ಎಳೆದುಕೊಂಡರೆ ಮರಗಟ್ಟಿಲ್ಲ. ಇನ್ನೈದು ನಿಮಿಷ ಕಾಯಿರಿ, ಆಗಲೂ ಎಳೆದರೆ ಇನ್ನೊಮ್ಮೆ ಚುಚ್ಚಬೇಕು. ಚರ್ಮ ಮರಗಟ್ಟಿದೊಡನೆ ಮತ್ತೆ ಓಡಿಸಿ ನೋಡಿ, ಆಗಲೂ ಕುಂಟು ಉಳಿದರೆ ಮಾತ್ರ ಮೇಲಿನ ಹಂತ, ಫೆಟ್‌ಲಾಕ್ ಕೀಲಿನ (ಗೊರಸಿನ ಮೇಲಿನ ಗಿಣ್ಣಿನ) ಹಿಂದಿನ ಪುಟ್ಟ ಎಲುಬುಗಳ ಹೊರಬದಿಗೆ ಎರಡೆರಡು ಮಿಲಿ. ವೈದ್ಯರು ತಪ್ಪುವುದು ಹೆಚ್ಚಾಗಿ ಇಲ್ಲೇ: ಚುಚ್ಚಿ ಅರ್ಧ ಗಂಟೆ ಹರಟಿ ಆಮೇಲೆ ಓಡಿಸುತ್ತಾರೆ. ಅಷ್ಟರಲ್ಲಿ ಔಷಧ ಮೇಲೇರಿ ಬೇರೆ ಭಾಗವನ್ನೂ ಮರಗಟ್ಟಿಸಿರುತ್ತದೆ. ಹೆಚ್ಚು ಮಿಲಿ ತುಂಬಿದರೂ ಅದೇ ಗತಿ. ಹಿಮ್ಮಡಿಯ ಇಂಜೆಕ್ಷನ್ನಿಗೆ ಕುಂಟು ಹೋಯಿತೆಂದ ಮಾತ್ರಕ್ಕೆ ನ್ಯಾವಿಕ್ಯುಲರ್ (ಗೊರಸಿನೊಳಗಿನ ಪುಟ್ಟ) ಎಲುಬಿನದೇ ರೋಗ ಎನ್ನಬೇಡಿ. ಅಂಗಾಲು, ಗೊರಸಿನೊಳಗಿನ ಕೀಲಿನ ನೋವೂ ಅದರಲ್ಲೇ ಅಡಗುತ್ತದೆ. ಎಕ್ಸ್‌ರೇ ಬೇಕೇ ಬೇಕು.

ಕೆಲವೊಮ್ಮೆ ಮರಗಟ್ಟಿಸಿದ ಬಲಗಾಲು ಸರಿಯಾದೊಡನೆ ಎಡಗಾಲು ಕುಂಟತೊಡಗುತ್ತದೆ. ಇಂಜೆಕ್ಷನ್ ಕೆಟ್ಟಿತೆಂದು ಮಾಲಕರು ಗಾಬರಿಯಾಗುತ್ತಾರೆ. ಎರಡೂ ಕಾಲಿನಲ್ಲಿ ನೋವಿತ್ತು, ಹೆಚ್ಚಿನದು ಕಡಿಮೆಯದನ್ನು ಮುಚ್ಚಿತ್ತು, ಅಷ್ಟೇ. ಎಡಗಾಲಿಗೂ ಹಾಗೇ ಕೊಟ್ಟು ನೋಡುತ್ತೇನೆ.

ಕುಂಟು ಮಾಯವಾದದ್ದು ಕಂಡು ಸಂಜೆಯ ಮೆರವಣಿಗೆಗೆ ಒಯ್ಯಲು ಕೇಳುವವರಿದ್ದಾರೆ. ಮರಗಟ್ಟಿದ ಗೊರಸಿಗೆ ಕಲ್ಲು ಚುಚ್ಚಿದರೂ ತಿಳಿಯದು. ಅಂದು ಕುದುರೆ ಲಾಯದಲ್ಲೇ ಇರಬೇಕು.