ಮಳೆಗಾಲದ ಕೆಂಪು ನೀರು, ಕೈಕೊಟ್ಟ ಆರ್‌ಒ

ಜುಲೈ ಮಳೆ ಹಿಡಿದರೆ ಮಡಿಕೇರಿಯ ನಮ್ಮ ಮನೆ ನಲ್ಲಿಯಲ್ಲಿ ಕೆಂಪು ನೀರು. ಈ ಸಲ ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಮಷಿನ್‌ನ ಮೋಟಾರ್ ಗುಂಯ್ ಅಂತಿತ್ತು, ಟ್ಯಾಂಕ್ ಮಾತ್ರ ತುಂಬಲೇ ಇಲ್ಲ. ನೋಡಲು ಬಂದವರು ಮೆಂಬ್ರೇನ್ (ಒಳಗೆ ನೀರು ಸೋಸುವ ತೆಳು ಪೊರೆ) ಹೋಗಿದೆ ಎಂದರು. ನನಗ್ಯಾಕೋ ನಂಬಿಕೆ ಬರಲಿಲ್ಲ.

ಮಷಿನ್‌ಗೂ ಮೊದಲೇ ಮಣ್ಣು ಹಿಡಿಯುವ ಹೊರಗಿನ ಪ್ರೀ-ಫಿಲ್ಟರ್‌ನಿಂದ ಮಷಿನ್‌ಗೆ ಹೋಗುವ ಪೈಪ್ ಬಿಚ್ಚಿ ಬಕೆಟ್‌ಗೆ ಹಿಡಿದೆ. ಬರೀ ತೊಟ್ಟು ತೊಟ್ಟು! ಮೆಂಬ್ರೇನ್‌ವರೆಗೆ ನೀರೇ ತಲುಪದಿದ್ದರೆ ಅದು ಏನು ಮಾಡೀತು, ಅಲ್ವಾ?

ನೀರು ಬಂದ್ ಮಾಡಿ, ಸ್ಪ್ಯಾನರ್ ಹಾಕಿ ಪ್ರೀ-ಫಿಲ್ಟರ್‌ನ ಬೌಲ್ ತಿರುಗಿಸಿ ಬಿಚ್ಚಿದೆ. ಅದರೊಳಗೆ ಬೆಳ್ಳಗಿದ್ದ 5 ಮೈಕ್ರಾನ್ ಕ್ಯಾಂಡಲ್ (ನುಣ್ಣನೆ ಮಣ್ಣು ಹಿಡಿಯುವ ಫಿಲ್ಟರ್) ಕಾಫಿ ತೋಟದ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಲೋಳೆ. ಅದನ್ನು ತೊಳೆದು ಮತ್ತೆ ಹಾಕಬೇಡಿ, ಮಣ್ಣು ಒಳಗೇ ಕೂತಿರುತ್ತದೆ. ಹೊಸದು ಹಾಕಿದೆ. ರಬ್ಬರ್ ರಿಂಗ್ ಒರೆಸಿ ಸರಿಯಾಗಿ ಕೂರಿಸಿ, ಇಲ್ಲದಿದ್ದರೆ ಸೋರುತ್ತದೆ. ಮೊದಲ ಬಕೆಟ್ ನೀರು ಚೆಲ್ಲಿ ಪೈಪ್ ಸಿಕ್ಕಿಸಿದೆ. ಸಂಜೆಯೊಳಗೆ ಟ್ಯಾಂಕ್ ತುಂಬಿತು.