ಸಿಕ್ಕ ಶೆಫರ್ಡ್ ಅಪ್ಪಟವೋ, ಕ್ರಾಸೋ? ಅಂದಾಜು ಮಾಡುವ ಬಗೆ

ಕೆರೆ ಏರಿಯ ಮೇಲೋ ರಿಂಗ್ ರಸ್ತೆಯ ಪಕ್ಕದಲ್ಲೋ ಅಲೆಯುವ, ಕೊರಳಲ್ಲಿ ಹಳೇ ಬೆಲ್ಟಿನ ಗುರುತು ಮಾತ್ರ ಉಳಿದ ಜರ್ಮನ್ ಶೆಫರ್ಡ್ ಬೆಂಗಳೂರಿಗೆ ಅಪರೂಪದ ದೃಶ್ಯವೇನಲ್ಲ. ಅದನ್ನು ಮನೆಗೆ ತಂದ ದಿನವೇ ಅಕ್ಕಪಕ್ಕದವರ ಪ್ರಶ್ನೆ ಶುರುವಾಗುತ್ತದೆ: ‘ಪ್ಯೂರಾ, ಕ್ರಾಸಾ?’

ಈ ಪ್ರಶ್ನೆಗೆ ಕಣ್ಣಳತೆಯಲ್ಲಿ ಅರ್ಧ ಉತ್ತರ ಮಾತ್ರ ಸಿಗುತ್ತದೆ. ತಳಿಯಲ್ಲಿ ಇರಬಾರದ ಲಕ್ಷಣ ಒಂದೆರಡು ಕಂಡರೆ ‘ಮಿಶ್ರ’ ಎನ್ನಬಹುದು. ಇರಬೇಕಾದ ಲಕ್ಷಣ ಹತ್ತು ಕಂಡರೂ ‘ಅಪ್ಪಟ’ ಎನ್ನಲಾಗದು. ಬಣ್ಣ, ಕಿವಿ, ರೋಮದ ಉದ್ದ ಇವನ್ನೆಲ್ಲ ನಿರ್ಧರಿಸುವುದು ಬೆರಳೆಣಿಕೆಯ ಜೀನ್‌ಗಳು. ಅಜ್ಜ ಬೇರೆ ತಳಿಯವನಾಗಿದ್ದರೂ ಮೊಮ್ಮಗನ ಮೈಮೇಲೆ ಅದು ಕಾಣಿಸಲೇಬೇಕೆಂದಿಲ್ಲ. 2009ರಲ್ಲಿ ಅಮೆರಿಕದ ಪಶುವೈದ್ಯೆ ವಿಕ್ಟೋರಿಯಾ ವಾಯ್ತ್ ಮತ್ತು ಸಂಗಡಿಗರು ಆಶ್ರಯ ಕೇಂದ್ರಗಳಿಂದ ದತ್ತು ಹೋದ 20 ನಾಯಿಗಳ ಡಿಎನ್‌ಎ ನೋಡಿದಾಗ, ಕೇಂದ್ರದವರು ಊಹಿಸಿ ಬರೆದ ತಳಿ ಹೆಚ್ಚಿನವುಗಳಲ್ಲಿ ತಾಳೆಯಾಗಲಿಲ್ಲ. ದಿನವೂ ನಾಯಿಗಳ ನಡುವೆಯೇ ಇರುವವರ ಊಹೆ ಅದು.

ಹಾಗಾದರೆ ಅಂದಾಜಾದರೂ ಯಾಕೆ? ಕೊಡುವ ಔಷಧಿ, ಮಾಡಿಸಬೇಕಾದ ಪರೀಕ್ಷೆ, ದತ್ತು ಕೊಡುವಾಗ ಬರೆಯುವ ವಿವರ ಎಲ್ಲವೂ ಅದನ್ನು ಅವಲಂಬಿಸಿವೆ.

ಮೊದಲು ಚಿಪ್ ನೋಡಿಸಿ

ನಾಯಿಯ ರೂಪ ಅಳೆಯುವ ಮುಂಚೆ ಕ್ಲಿನಿಕ್ಕಿಗೆ ಒಯ್ದು ಮೈಕ್ರೋಚಿಪ್ ಸ್ಕ್ಯಾನ್ ಮಾಡಿಸಿ. ಅಕ್ಕಿಕಾಳಿನಷ್ಟು ದೊಡ್ಡ ಈ ಚಿಪ್ಪನ್ನು ಎರಡು ಹೆಗಲುಗಳ ನಡುವೆ ಚರ್ಮದ ಕೆಳಗೆ ಹಾಕಿರುತ್ತಾರೆ. ಕಾಲ ಕಳೆದಂತೆ ಅದು ಭುಜದ ಕಡೆಗೋ ಎದೆಯ ಕಡೆಗೋ ಜಾರುವುದುಂಟು. ಆದ್ದರಿಂದ ಸ್ಕ್ಯಾನರನ್ನು ಕುತ್ತಿಗೆಯಿಂದ ಬೆನ್ನಿನ ಮಧ್ಯದವರೆಗೆ, ಆಮೇಲೆ ಎರಡೂ ಭುಜಗಳ ಮೇಲೆ, ನಿಧಾನವಾಗಿ, ಎರಡು ಸಲ ಓಡಿಸಬೇಕು. 15 ಅಂಕಿಯ ಸಂಖ್ಯೆ ಬಂದರೆ, ತಳಿ ನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ವಿಚಾರಿಸಬಹುದು. ವಂಶಾವಳಿಯ ಕಾಗದ ಸಿಕ್ಕರೆ ಈ ಲೇಖನದ ಅರ್ಧ ನಿಮಗೆ ಬೇಡ. ಮುಖ್ಯವಾಗಿ, ಅದು ಬಿಟ್ಟ ನಾಯಿಯಲ್ಲ, ಕಳೆದುಹೋದ ನಾಯಿ ಎಂದು ತಿಳಿಯುವುದೂ ಹೀಗೆಯೇ.

ಚಿಪ್ ಇಲ್ಲದಿದ್ದರೆ ಅವಸರ ಬೇಡ, 8ರಿಂದ 12 ವಾರ ಕಾಯಿರಿ. ಕಜ್ಜಿ ಹಿಡಿದ, ಉಣ್ಣೆಜ್ವರದಿಂದ ಸೊರಗಿದ ಶೆಫರ್ಡ್ ಥೇಟ್ ನಾಟಿ ನಾಯಿಯ ಹಾಗೆ ಕಾಣುತ್ತದೆ. ಒಳರೋಮ ಉದುರಿರುತ್ತದೆ, ಎದೆ ಕಿರಿದಾಗಿರುತ್ತದೆ, ಹೆದರಿಕೆಗೆ ಬಾಲ ಹೊಟ್ಟೆಯಡಿ ಸೇರಿರುತ್ತದೆ. ಚಿಕಿತ್ಸೆಗೆಂದು ಬೋಳಿಸಿದ್ದರೆ ರೋಮ ಪೂರ್ತಿ ಬೆಳೆಯಲು ಇನ್ನೂ ಹೆಚ್ಚು ದಿನ ಹಿಡಿಯುತ್ತದೆ.

ಟೇಪು ಹಿಡಿದು ಅಳೆಯಿರಿ

ಈ ತಳಿಯನ್ನು ರೂಪಿಸಿದ್ದು ಜರ್ಮನಿಯ ನಿವೃತ್ತ ಸೇನಾಧಿಕಾರಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್. 1899ರಲ್ಲಿ ಹೊರಾಂಡ್ ಎಂಬ ನಾಯಿಯನ್ನು ಕೊಂಡು, ಅದೇ ವರ್ಷ ತಳಿಯ ಸಂಘ ಕಟ್ಟಿದ. ಅಲ್ಲಿ ಈ ನಾಯಿಯ ಕೆಲಸ ಬೇಲಿ ಇಲ್ಲದ ಹೊಲದ ಅಂಚಿನಲ್ಲಿ ತಾನೇ ಬೇಲಿಯಾಗುವುದು: ಕುರಿ ಮೇಯುವಷ್ಟು ಹೊತ್ತೂ ಬದುವಿನುದ್ದಕ್ಕೆ ಅತ್ತಿಂದಿತ್ತ ಕುಕ್ಕುಲೋಟದಲ್ಲಿ ಓಡಾಡುತ್ತಾ, ಒಂದು ಕುರಿಯೂ ಪೈರಿಗೆ ಬಾಯಿ ಹಾಕದಂತೆ ತಡೆಯುವುದು. (ನಮ್ಮ ಕುರಿಗಾಹಿಗಳ ಹಟ್ಟಿಯ ನಾಯಿಗೆ ಕುರಿಗಳನ್ನು ತೋಳದಿಂದ ಕಾಯುವುದೇ ಮುಖ್ಯ ಕೆಲಸ.) ದಿನವಿಡೀ ದಣಿಯದೆ ಓಡಲು ಉದ್ದ ಮೈ ಬೇಕು. ಹೀಗಾಗಿ ಎತ್ತರಕ್ಕಿಂತ ಉದ್ದ ಹೆಚ್ಚಿರುವುದು ಈ ತಳಿಯ ಗಟ್ಟಿ ಗುರುತುಗಳಲ್ಲೊಂದು.

ಅಳತೆಗೆ ಇಬ್ಬರು ಬೇಕು. ಟೈಲ್ಸ್ ಮೇಲೆ ಬೇಡ, ಕಾಲು ಜಾರಿ ನಾಯಿ ಕುಗ್ಗುತ್ತದೆ. ಸಿಮೆಂಟ್ ನೆಲದಲ್ಲಿ ಗೋಡೆಗೆ ಒತ್ತಿ, ನಾಲ್ಕೂ ಕಾಲು ನೇರ ನಿಲ್ಲುವಂತೆ, ತಲೆ ಸಹಜವಾಗಿ ಎತ್ತಿರುವಂತೆ ನಿಲ್ಲಿಸಿ. ಕುತ್ತಿಗೆ ಬೆನ್ನಿಗೆ ಸೇರುವಲ್ಲಿನ ಹೆಗಲ ಉಬ್ಬಿನ ಮೇಲೆ ಒಂದು ಪುಸ್ತಕವನ್ನು ಅಡ್ಡ ಇಟ್ಟು ಗೋಡೆಗೆ ಪೆನ್ಸಿಲ್ ಗುರುತು ಹಾಕಿ. ನೆಲದಿಂದ ಆ ಗುರುತಿನವರೆಗೆ ಎತ್ತರ. ಎದೆಯ ಮುಂದಿನ ಮೂಳೆಯ ತುದಿಯಿಂದ ಹಿಂಭಾಗದ ಮೂಳೆಯ ತುದಿವರೆಗೆ ನೇರ ಗೆರೆಯಲ್ಲಿ ಉದ್ದ. ಬಾಲ ಸೇರಿಸಬೇಡಿ, ಟೇಪನ್ನು ಮೈಗೆ ಸುತ್ತಿಸಬೇಡಿ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ.

ಎಫ್‌ಸಿಐ (ಶ್ವಾನ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾನದಂಡದ ಪ್ರಕಾರ ಗಂಡು 60–65 ಸೆಂ.ಮೀ. ಎತ್ತರ, 30–40 ಕೆ.ಜಿ. ತೂಕ, ಹೆಣ್ಣು 55–60 ಸೆಂ.ಮೀ., 22–32 ಕೆ.ಜಿ. ಉದ್ದವು ಎತ್ತರಕ್ಕಿಂತ ಶೇ 10ರಿಂದ 17ರಷ್ಟು ಹೆಚ್ಚಿರಬೇಕು. ಅಂದರೆ 58 ಸೆಂ.ಮೀ. ಎತ್ತರದ ಹೆಣ್ಣಿಗೆ ಉದ್ದ ಸುಮಾರು 64ರಿಂದ 68 ಸೆಂ.ಮೀ. ಎತ್ತರ ಉದ್ದ ಎರಡೂ ಹೆಚ್ಚುಕಡಿಮೆ ಸಮನಾಗಿ, ಮೈ ಚೌಕಾಕಾರ ಕಂಡರೆ ನಾಟಿ ನಾಯಿಯ ಅಥವಾ ಶೆಫರ್ಡನ್ನೇ ಹೋಲುವ ಬೆಲ್ಜಿಯನ್ ಮಾಲಿನ್ವಾ ತಳಿಯ ಅಂಶ ಇರಬಹುದು. ತೂಕವನ್ನು ನಂಬಬೇಡಿ, ಹಸಿದ ನಾಯಿಯ ತೂಕ ಏನನ್ನೂ ಹೇಳದು. ಗಂಡು 68 ಸೆಂ.ಮೀ. ದಾಟಿದರೂ ತಕ್ಷಣ ‘ಕ್ರಾಸ್’ ಎನ್ನಬೇಡಿ. ಎತ್ತರದ ನಾಯಿಗೆ ಹೆಚ್ಚು ದುಡ್ಡು ಸಿಗುತ್ತದೆಂದು ಅಳತೆ ಮೀರಿದವನ್ನೇ ಬೆಳೆಸಿ ಮಾರುವವರು ಇದ್ದಾರೆ.

ಬೆನ್ನು ಹಿಂದಕ್ಕೆ ಇಳಿಜಾರಾಗಿಲ್ಲ, ಹಾಗಾಗಿ ಅಪ್ಪಟವಲ್ಲ ಎನ್ನುವವರೂ ಸಿಗುತ್ತಾರೆ. ಆ ಇಳಿಜಾರು ಪ್ರದರ್ಶನದ ವಂಶಗಳಲ್ಲಿ ಎದ್ದು ಕಾಣುವಂಥದ್ದು. ಕೆಲಸದ ವಂಶಗಳ ಬೆನ್ನು ಬಹುಮಟ್ಟಿಗೆ ನೇರ.

ರೋಮ, ಬಣ್ಣ

ತೊಡೆಯ ಮೇಲೂ ಕುತ್ತಿಗೆಯ ಪಕ್ಕದಲ್ಲೂ ಎರಡು ಹೆಬ್ಬೆರಳಿನಿಂದ ರೋಮವನ್ನು ಇಬ್ಭಾಗಿಸಿ ನೋಡಿ. ಶೆಫರ್ಡ್‌ನಲ್ಲಿ ಮೇಲೆ ಒರಟಾದ ನೇರ ರೋಮ, ಬುಡದಲ್ಲಿ ಹತ್ತಿಯಂಥ ಮೆತ್ತನೆಯ ತೆಳು ಬಣ್ಣದ ಒಳರೋಮ ಇರುತ್ತದೆ. ರೋಮ ಸರಿಸಿದ ಕೂಡಲೇ ಬರಿ ಚರ್ಮ ಕಂಡರೆ, ಅದೂ ನಾಯಿ ಆರೋಗ್ಯವಾಗಿದ್ದು ರೋಮ ಉದುರುವ ಕಾಲ ಅಲ್ಲದಿದ್ದರೆ, ಮಿಶ್ರದ ಕಡೆ ಒಂದು ಅಂಕ. ಅಂಗಡಿಯವರ ‘ಡಬಲ್ ಕೋಟ್’ ಮಾತಿಗೆ ಮರುಳಾಗಬೇಡಿ. ಅವರು ಹಾಗೆನ್ನುವುದು ಉದ್ದ ರೋಮದ ನಾಯಿಗೆ, ಆದರೆ ಗಿಡ್ಡ ರೋಮದ ಅಪ್ಪಟ ಶೆಫರ್ಡ್‌ಗೂ ಎರಡು ಪದರ ಇದ್ದೇ ಇರುತ್ತದೆ. ‘ಡಬಲ್ ಬೋನ್’ ಎಂಬುದಕ್ಕಂತೂ ಯಾವ ಅರ್ಥವೂ ಇಲ್ಲ.

ಬಣ್ಣವನ್ನು ಸ್ವಲ್ಪ ನಿಂತು ನೋಡಬೇಕು, ಬೆರಕೆಯ ಸುಳಿವು ಹೆಚ್ಚು ಸಿಗುವುದು ಇಲ್ಲಿ. ಕಂದು ಮೈಯ ಬೆನ್ನಿಗೆ ಕುದುರೆಯ ತಡಿಯಂಥ ಕಪ್ಪು ಪಟ್ಟೆ, ಪೂರ್ತಿ ಕಪ್ಪು, ಬೂದು ಮಿಶ್ರಿತ ‘ಸೇಬಲ್’ ಮೂರೂ ತಳಿಯೊಳಗಿನವೇ. ಶೆಫರ್ಡ್‌ನಲ್ಲಿ ಪೂರ್ತಿ ಕಪ್ಪು ಬಣ್ಣ ಅಡಗುವ ಗುಣ, ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುತ್ತದೆ. ಲ್ಯಾಬ್ರಡಾರ್‌ನ ಕಪ್ಪು ಹಾಗಲ್ಲ, ಒಬ್ಬರಿಂದ ಬಂದರೂ ಸಾಕು, ಮೇಲುಗೈ ಅದರದೇ. ಹಳದಿ ಲ್ಯಾಬ್ ಕೂಡ ಸಾಮಾನ್ಯವಾಗಿ ಈ ಗುಣವನ್ನು ಒಳಗೇ ಇಟ್ಟುಕೊಂಡಿರುತ್ತದೆ. ಹಾಗಾಗಿ ಹಳದಿ ಲ್ಯಾಬ್ ಮತ್ತು ಕಪ್ಪು-ಕಂದು ಶೆಫರ್ಡ್ ಕೂಡಿದರೂ ಮರಿಗಳು ಹೆಚ್ಚಾಗಿ ಕಪ್ಪು. ಕಪ್ಪು ಮೈ, ಗಿಡ್ಡ ರೋಮ, ಅರ್ಧ ಮಡಚಿದ ಕಿವಿ ಮೂರೂ ಸೇರಿದರೆ ಲ್ಯಾಬ್ ಬೆರಕೆಯ ಸಾಧ್ಯತೆ ಹೆಚ್ಚು. ಕಂದು ಬಣ್ಣದ ನಾಟಿ ನಾಯಿಯ ಜೊತೆಗಿನ ಬೆರಕೆಯಲ್ಲಿ ಬೆನ್ನಿನ ಕಪ್ಪು ಪಟ್ಟೆ ಮಾಯವಾಗಿ, ಮೈಯೆಲ್ಲ ಕಂದಾಗಿ, ಮುಖಕ್ಕೆ ಮಾತ್ರ ಶೆಫರ್ಡ್‌ನ ಕಪ್ಪು ಮುಸುಕು ಉಳಿಯುವುದುಂಟು.

ನಾಲ್ಕೂ ಪಾದಕ್ಕೆ ಬಿಳಿ ಕಾಲುಚೀಲ, ಹಣೆಯಲ್ಲಿ ಬಿಳಿ ನಾಮ, ಬಾಲದ ತುದಿ ಬಿಳಿ ಇವು ಬೆರಕೆಯ ಕಡೆಗೇ ಬೊಟ್ಟು ಮಾಡುತ್ತವೆ. ಎದೆಯ ಮೇಲೆ ಸಣ್ಣ ಬಿಳಿ ಚುಕ್ಕೆ ಇದ್ದರೆ ಲೆಕ್ಕಕ್ಕಿಲ್ಲ. ಮೈಯೆಲ್ಲ ನೀಲಿಬೂದು ಕಲೆ ಚೆಲ್ಲಿದಂತಿರುವ ‘ಮರ್ಲ್’ ಬಣ್ಣ ಈ ತಳಿಯಲ್ಲೇ ಇಲ್ಲ. ಅದೊಂದು ಕಂಡರೂ ತೀರ್ಮಾನಕ್ಕೆ ಸಾಕು. ಮರಿಯಾದರೆ ಬಣ್ಣದ ತೀರ್ಪನ್ನು ಮುಂದೂಡಿ, ಹುಟ್ಟುವಾಗ ಬಹುತೇಕ ಕಪ್ಪಗಿದ್ದು ದೊಡ್ಡದಾಗುತ್ತಾ ಕಂದು ಹರಡಿಕೊಳ್ಳುತ್ತದೆ.

ಕಿವಿ, ಬಾಲ, ಬಾಯಿ

ಕಿವಿ ನೋಡುವ ಮುಂಚೆ ಹಲ್ಲು ನೋಡಿ ವಯಸ್ಸು ಅಂದಾಜಿಸಿ. ಹಾಲುಹಲ್ಲು 28, ಶಾಶ್ವತ ಹಲ್ಲು 42. ಕೋರೆಹಲ್ಲು ಬದಲಾಗುವುದು ಸುಮಾರು 5–6 ತಿಂಗಳಿಗೆ, ಎಲ್ಲ ಹಲ್ಲು ಬಂದು ಮುಗಿಯುವುದು 7ನೇ ತಿಂಗಳ ಸುಮಾರಿಗೆ. ಹಲ್ಲು ಬದಲಾಗುವ ಕಾಲದಲ್ಲಿ ನಿಂತ ಕಿವಿಯೂ ಮತ್ತೆ ಜೋಲುತ್ತದೆ. ಆದ್ದರಿಂದ 4 ತಿಂಗಳ ಮರಿಯ ಜೋಲುಕಿವಿಗೆ ಬೆಲೆ ಕೊಡಬೇಡಿ. 8 ತಿಂಗಳಾದರೂ ನಿಲ್ಲದಿದ್ದರೆ ಯೋಚಿಸಬಹುದು. ಆಗಲೂ ಕಿವಿಯೊಳಗಿನ ಸೋಂಕು, ರಕ್ತ ತುಂಬಿ ಊದಿದ ಗಾಯ, ಎಳವೆಯ ಅಪೌಷ್ಟಿಕತೆ ಕಾರಣವಲ್ಲವೆಂದು ಖಚಿತ ಮಾಡಿಕೊಳ್ಳಿ.

ಬಾಲ ಹಿಂಗಾಲಿನ ಹಿಮ್ಮಡಿ ಕೀಲನ್ನಾದರೂ ಮುಟ್ಟಬೇಕು, ವಿರಾಮದಲ್ಲಿ ಕತ್ತಿಯಂತೆ ಸ್ವಲ್ಪ ಬಾಗಿ ಇಳಿದಿರಬೇಕು. ನಾಯಿ ನಿಮ್ಮ ಮನೆಗೆ ಹೊಂದಿಕೊಂಡ ಮೇಲೆ, ನಿರಾಳವಾಗಿ ನಡೆಯುವಾಗ ಅದು ಬೆನ್ನ ಮೇಲೆ ಸುರುಳಿ ಸುತ್ತುತ್ತಿದ್ದರೆ ನಾಟಿ ರಕ್ತದ ಸೂಚನೆ.

ಇನ್ನು ಕೆಲವು ನಂಬಿಕೆಗಳು. ಬಾಯಿಯ ಅಂಗುಳ ಕಪ್ಪಗಿದ್ದರೆ ಜಾತಿ ನಾಯಿ ಎನ್ನುತ್ತಾರೆ. ಅದು ಬರೀ ವರ್ಣದ್ರವ್ಯ. ನಾಲಗೆಯ ಮೇಲಿನ ಕಪ್ಪು ಮಚ್ಚೆ, ನೀಲಿಗಪ್ಪು ನಾಲಗೆಯ ಚೌಚೌ ತಳಿಯ ಬೆರಕೆಗೆ ಸಾಕ್ಷಿಯಲ್ಲ, ಅಪ್ಪಟ ಶೆಫರ್ಡ್‌ನಲ್ಲೂ ಇರುತ್ತದೆ. ಇಪ್ಪತ್ತು ಉಗುರಿನ ನಾಯಿ ಶ್ರೇಷ್ಠ ಎಂಬ ಮಾತೂ ಇದೆ. ಸಾಮಾನ್ಯ ನಾಯಿಗೆ ಮುಂಗಾಲಲ್ಲಿ ಐದೈದು, ಹಿಂಗಾಲಲ್ಲಿ ನಾಲ್ಕು ನಾಲ್ಕು, ಒಟ್ಟು 18. ಹಿಂಗಾಲಿನ ಹೆಚ್ಚುವರಿ ಉಗುರು ಬೀದಿ ನಾಯಿಯಲ್ಲೂ ಬರುತ್ತದೆ.

ನಡವಳಿಕೆಯಿಂದ ತಳಿ ಊಹಿಸುವುದಂತೂ ಬೇಡ. ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುವುದು, ಸುತ್ತು ಹಾಕಿ ಗುಂಪು ಮಾಡುವುದು ಕಂಡ ಕೂಡಲೇ ‘ಕುರಿ ಕಾಯುವ ರಕ್ತ’ ಎನ್ನುತ್ತೇವೆ. 2022ರಲ್ಲಿ ಪ್ರಕಟವಾದ, 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರ ಉತ್ತರಗಳನ್ನು ಬಳಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ನಾಯಿ ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸಕ್ಕೆ ತಳಿ ಕಾರಣವಾಗಿದ್ದು ಶೇ 9ರಷ್ಟು ಮಾತ್ರ.

ಡಿಎನ್‌ಎ ಮಾಡಿಸುವುದಾದರೆ

ಊಟವಾಗಿ ಒಂದು ಗಂಟೆಯಾದರೂ ಬಿಟ್ಟು, ಕೆನ್ನೆಯ ಒಳಬದಿಗೆ ಬ್ರಷ್ ಒತ್ತಿ ಅರ್ಧದಿಂದ ಒಂದು ನಿಮಿಷ ಉಜ್ಜಬೇಕು. ಬೇರೆ ನಾಯಿ ನೆಕ್ಕಿದ ಕೂಡಲೇ ಮಾದರಿ ತೆಗೆಯಬಾರದು. ಕಿಟ್ ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ದತ್ತಾಂಶದಲ್ಲಿ ಭಾರತದ ಬೀದಿ ನಾಯಿಗಳ ಮಾದರಿ ಇದೆಯೇ? ಇಲ್ಲದಿದ್ದರೆ ನಾಟಿ ಭಾಗಕ್ಕೆ ಹೋಲಿಕೆ ಸಿಗದೆ, ಯಂತ್ರವು ಅದನ್ನು ದೂರದೇಶದ ಹತ್ತಾರು ತಳಿಗಳ ಚೂರುಗಳಾಗಿ ಹಂಚಿ ತೋರಿಸುತ್ತದೆ. ಶೇ 50ರಷ್ಟು ಶೆಫರ್ಡ್, ಉಳಿದಂತೆ ಮೂರು ನಾಲ್ಕು ಶೇಕಡದ ವಿಚಿತ್ರ ಹೆಸರುಗಳ ಸಾಲು ಬಂದರೆ, ಆ ಸಾಲು ಬಹುಶಃ ನಮ್ಮ ಬೀದಿಯದೇ.

ಅಂದಾಜಿನ ಉಪಯೋಗ

ಕಜ್ಜಿಗೆಂದು ದನಗಳ ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಟ್ಟುಬಿಡುವ ರೂಢಿ ನಮ್ಮಲ್ಲಿದೆ. ಕುರಿ ಕಾಯುವ ತಳಿಗಳ ಕೆಲವು ನಾಯಿಗಳಲ್ಲಿ ಎಂಡಿಆರ್1 ಎಂಬ ಜೀನ್ ದೋಷವಿದ್ದು, ಈ ಔಷಧಿ ಮಿದುಳಿಗೆ ನುಗ್ಗುತ್ತದೆ. ಜೊಲ್ಲು, ಅಗಲವಾದ ಕಣ್ಣಪಾಪೆ, ತೂರಾಡುವಿಕೆ, ಕೊನೆಗೆ ಪ್ರಜ್ಞೆ ತಪ್ಪುವಿಕೆ. ದೋಷ ಹೆಚ್ಚಿರುವುದು ಕೋಲಿ ಎಂಬ ತಳಿಯಲ್ಲಿ, ಶೆಫರ್ಡ್‌ನಲ್ಲಿ ಕಡಿಮೆ. ಆದರೆ ಇಲ್ಲದೇ ಇಲ್ಲ. ಹೃದಯಹುಳು ತಡೆಗೆ ಕೊಡುವ ಪ್ರಮಾಣ ಕೆ.ಜಿ.ಗೆ ಸುಮಾರು 6 ಮೈಕ್ರೋಗ್ರಾಂ, ಕಜ್ಜಿಗೆ ಕೊಡುವುದು ಅದರ ಹಲವು ಹತ್ತು ಪಟ್ಟು. ಆದ್ದರಿಂದ ಅರ್ಧಂಬರ್ಧ ಶೆಫರ್ಡ್ ಕಂಡರೂ ‘ಕುರಿ ಕಾಯುವ ತಳಿಯ ಬೆರಕೆ ಇರಬಹುದು’ ಎಂದು ವೈದ್ಯರಿಗೆ ಮೊದಲೇ ಹೇಳಿ, ಬೇರೆ ಔಷಧಿ ಕೇಳಿ. ಇದೇ ಕಾರಣಕ್ಕೆ, ಲೋಪರಮೈಡ್ ಎಂಬ ಭೇದಿ ನಿಲ್ಲಿಸುವ ಮಾತ್ರೆಯನ್ನೂ ನೀವೇ ಕೊಡಬೇಡಿ.

ಎರಡನೆಯದು, ತಿಂದಷ್ಟೂ ಬಡಕಲಾಗುವ ಶೆಫರ್ಡ್. ತಟ್ಟೆ ನೆಕ್ಕಿ ಮುಗಿಸುತ್ತದೆ, ಮಲ ಮಾತ್ರ ರಾಶಿಯಾಗಿ, ಹಳದಿಯಾಗಿ, ಜಿಡ್ಡಾಗಿರುತ್ತದೆ. ಜಂತುಹುಳು ಔಷಧಿ ಕೊಟ್ಟರೂ ತೂಕ ಏರದು. ಮೇದೋಜೀರಕ ಗ್ರಂಥಿಯ ಕಿಣ್ವ ಸೋತಿರುವ ಈ ರೋಗಕ್ಕೆ ಈ ತಳಿಯೇ ಹೆಚ್ಚು ಗುರಿ. ಟಿಎಲ್‌ಐ ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಊಟಕ್ಕೆ ಕಿಣ್ವದ ಪುಡಿ ಬೆರೆಸಿದರೆ ಚೇತರಿಸಿಕೊಳ್ಳುತ್ತದೆ. ಹಳೇ ಮಾಲೀಕ ಇದಕ್ಕೇ ಬೇಸತ್ತು ಬಿಟ್ಟಿರಲೂಬಹುದು. ಓಡುವಾಗ ಮೊಲದಂತೆ ಎರಡೂ ಹಿಂಗಾಲು ಒಟ್ಟಿಗೆ ಎತ್ತಿದರೆ ಸೊಂಟದ ಕೀಲಿನ ಎಕ್ಸ್‌ರೇ ಮಾಡಿಸಿ.

ದತ್ತು ಪ್ರಕಟಣೆಯಲ್ಲಿ ‘ಪ್ಯೂರ್ ಜಿಎಸ್‌ಡಿ’ (ಜರ್ಮನ್ ಶೆಫರ್ಡ್ ಡಾಗ್) ಎಂದು ಬರೆದರೆ ಮರಿ ಹಾಕಿಸಿ ಮಾರುವವರ ಕರೆಗಳೇ ಮೊದಲು ಬರುತ್ತವೆ. ಸಂತಾನಹರಣ ಮಾಡಿಸಿದ ಮೇಲೆಯೇ ಪ್ರಕಟಿಸಿ. ಇನ್ನೊಂದು ತುದಿಯಲ್ಲಿ, ಬಾಯಿಗೆ ಬಂದ ತಳಿಯ ಹೆಸರು ಬರೆಯುವುದೂ ಅಪಾಯ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ನಿಷೇಧಿಸಲು ಸುತ್ತೋಲೆ ಹೊರಡಿಸಿತ್ತು. ಪಟ್ಟಿಯಲ್ಲಿ ಜರ್ಮನ್ ಶೆಫರ್ಡ್ ಇರಲಿಲ್ಲ, ಕಕೇಷಿಯನ್ ಶೆಫರ್ಡ್ ಇತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ಆದರೂ ಅಪಾರ್ಟ್‌ಮೆಂಟ್ ಸಂಘದವರ ಮುಂದೆ ನಿಮ್ಮ ಊಹೆಯೇ ದಾಖಲೆಯಾಗಿ ಕೂರುತ್ತದೆ. ಕಂಡದ್ದನ್ನಷ್ಟೇ ಬರೆಯಿರಿ: ‘ಜರ್ಮನ್ ಶೆಫರ್ಡ್ ಹೋಲುವ ಹೆಣ್ಣು, ಅಂದಾಜು 3 ವರ್ಷ, 57 ಸೆಂ.ಮೀ., 24 ಕೆ.ಜಿ., ಚಿಪ್ ಇರಲಿಲ್ಲ, ಸಂತಾನಹರಣ ಆಗಿದೆ.’ ಜೊತೆಗೆ ಪಕ್ಕದಿಂದ ತೆಗೆದ ಒಂದು ಫೋಟೊ.