ಒಡಿಸ್ಸಿಯ ಪವರ್ ಸ್ಟೇರಿಂಗ್ ಕೂಗಿದರೆ ಮೊದಲು ಪಂಪ್ ಅಲ್ಲ, ರಿಂಗ್ ನೋಡಿ: ನನ್ನ ಅನುಭವ

2005ರಿಂದ 2010ರವರೆಗಿನ ಹೊಂಡಾ ಒಡಿಸ್ಸಿ ವ್ಯಾನ್ ಓಡಿಸುವವರಿಗೆ ಈ ಸದ್ದನ್ನು ಬಿಡಿಸಿ ಹೇಳಬೇಕಿಲ್ಲ. ಚಳಿ ಹಿಡಿದ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಕೆಳಗಿಂದ ಗುಂಯ್ ಎನ್ನುವ ಕೂಗು. ಆಕ್ಸಿಲರೇಟರ್ ಒತ್ತಿದಷ್ಟೂ ಸ್ವರ ಏರುತ್ತದೆ, ಸ್ಟೇರಿಂಗ್ ತಿರುಗಿಸಿದರೆ ನರಳುತ್ತದೆ, ಪಾರ್ಕ್ ಮಾಡುವಾಗ ಒಂದು ಕ್ಷಣ ಹಗುರ, ಮರುಕ್ಷಣ ಭಾರ. ಗ್ಯಾರೇಜಿಗೆ ಒಯ್ದರೆ ಬರುವ ಉತ್ತರವೂ ಗೊತ್ತಿದ್ದದ್ದೇ: ಸ್ಟೇರಿಂಗ್‌ಗೆ ಎಣ್ಣೆ ಒತ್ತುವ ಪಂಪ್ ಹೋಗಿದೆ, ಬದಲಿಸಬೇಕು.

ನಾನು ಕೈ ಹಾಕಿದ ಗಾಡಿಗಳಲ್ಲಿ ಬಹುಪಾಲು ಪಂಪ್‌ಗಳು ಗಟ್ಟಿಯಾಗಿಯೇ ಇದ್ದವು. ಅವು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತಿದ್ದವು, ಅಷ್ಟೇ. ಗಾಳಿ ನುಗ್ಗುತ್ತಿದ್ದದ್ದು ಪಂಪ್‌ಗೆ ಎಣ್ಣೆ ಬರುವ ಕಡೆಯ ಜಾಯಿಂಟ್‌ನಲ್ಲಿ, ಬೆರಳುಗುರಿನಗಲದ ಒಂದು ಓ-ರಿಂಗ್‌ನ (ಸಂದಿ ಮುಚ್ಚುವ ರಬ್ಬರ್ ಬಳೆಯ) ಪಕ್ಕದಿಂದ. ಇದನ್ನು ಹೇಳಿದಾಗ ಮೆಕ್ಯಾನಿಕ್‌ಗಳಿಂದ ಹಿಡಿದು ಬಳಗದವರ ತನಕ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: "ಗಾಳಿ ಒಳಗೆ ಹೋಗುವಷ್ಟು ಸಂದಿ ಇದ್ದರೆ ಎಣ್ಣೆ ಹೊರಗೆ ತೊಟ್ಟಿಕ್ಕಬೇಕಲ್ಲ? ನೆಲ ಒಣಗಿದೆಯಲ್ಲ?" ಸೀಳು ಬಿಟ್ಟ ಕೊಳವೆಯಲ್ಲಿ ಎಳನೀರು ಹೀರಿ ನೋಡಿ. ಸೀಳಿನಿಂದ ಒಂದು ಹನಿಯೂ ಚೆಲ್ಲುವುದಿಲ್ಲ, ಬಾಯಿಗೆ ಬರುವುದು ಮಾತ್ರ ಅರ್ಧ ಗಾಳಿ. ಪಂಪ್‌ನ ಹೀರುವ ಬದಿಯಲ್ಲೂ ಆಗುವುದು ಇದೇ. ಹನಿ ಬೀಳುವುದು ಒತ್ತಡದ ಬದಿ ಸೋರಿದಾಗ. ರಬ್ಬರ್ ವರ್ಷಗಟ್ಟಲೆ ಬಿಸಿಗೆ ಗಡುಸಾಗಿ, ಗುಂಡಗಿದ್ದದ್ದು ಚಪ್ಪಟೆಯಾಗಿರುತ್ತದೆ. ಅಮೆರಿಕದ ಮಿಶಿಗನ್ ಕಡೆಯ ಚಳಿಯಲ್ಲಿ ಇನ್ನಷ್ಟು ಕುಗ್ಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ತುಸು ಹಿಗ್ಗಿ ಸಂದಿ ಮುಚ್ಚುತ್ತದೆ, ಕೂಗು ತಗ್ಗುತ್ತದೆ. "ಮಧ್ಯಾಹ್ನ ಸರಿ ಇರುತ್ತೆ, ಬೆಳಗ್ಗೆ ಮಾತ್ರ" ಎಂದು ಯಾರಾದರೂ ಹೇಳಿದರೆ ನನ್ನ ಅನುಮಾನ ನೇರವಾಗಿ ಈ ರಿಂಗ್ ಮೇಲೆ.

ಖಚಿತ ಮಾಡಿಕೊಳ್ಳದೆ ಏನನ್ನೂ ಬಿಚ್ಚಬೇಡಿ. ಎಂಜಿನ್ ಓಡುತ್ತಿರುವಾಗ ರಿಸರ್ವಾಯರ್ (ಸ್ಟೇರಿಂಗ್ ಎಣ್ಣೆಯ ಡಬ್ಬಿ) ಮುಚ್ಚಳ ತೆಗೆದು ಟಾರ್ಚ್ ಬಿಡಿ. ಎಣ್ಣೆ ಸ್ವಚ್ಛವಾಗಿ ಸುತ್ತುತ್ತಿದ್ದರೆ ರೋಗ ಬೇರೆ. ಬಿಳಿಚಿಕೊಂಡು ಸಣ್ಣ ಸಣ್ಣ ಗುಳ್ಳೆ ತುಂಬಿದ್ದರೆ ಗಾಳಿ ಸೇರಿದೆ. ಈಗ ಎಂಜಿನ್ ಆಫ್ ಮಾಡಿ ಮಟ್ಟ ಗಮನಿಸಿ. ಒತ್ತಡದಲ್ಲಿ ಅದುಮಿಕೊಂಡಿದ್ದ ಗುಳ್ಳೆಗಳು ಹಿಗ್ಗುವುದರಿಂದ ಎಣ್ಣೆ ಕಣ್ಣೆದುರೇ ಮೇಲೇರುತ್ತದೆ. ಏರಿದಷ್ಟೂ ಗಾಳಿ ಹೆಚ್ಚು.

ಗಾಳಿ ಎಲ್ಲಿಂದ ಬರುತ್ತಿದೆ ಎಂದು ಹಿಡಿಯಲು ನಾನು ಬಳಸುವುದು ದಪ್ಪ ಗ್ರೀಸ್. ಸೋಪಿನ ನೀರು ಇಲ್ಲಿ ಕೆಲಸಕ್ಕೆ ಬಾರದು. ಒಳಕ್ಕೆ ಎಳೆಯುವ ಜಾಗದಲ್ಲಿ ಹೊರಗೆ ಗುಳ್ಳೆ ಏಳುವುದಿಲ್ಲವಲ್ಲ. ಎಂಜಿನ್ ಆಫ್ ಇರುವಾಗಲೇ ಇನ್‌ಲೆಟ್ ಪೈಪ್ ಪಂಪ್‌ಗೆ ಕೂರುವ ಜಾಯಿಂಟ್ ಸುತ್ತ ಒರೆಸಿ ಒಣಗಿಸಿ, ಗ್ರೀಸ್ ಮೆತ್ತಿ, ಆಮೇಲೆ ಸ್ಟಾರ್ಟ್ ಮಾಡಿ. ಕೈಯೂ ತೋಳೂ ಬೆಲ್ಟ್‌ನಿಂದ ದೂರವಿರಲಿ. ಕೂಗು ಕೆಲವು ನಿಮಿಷಗಳಲ್ಲಿ ಇಳಿಯತೊಡಗಿದರೆ ಕಳ್ಳ ಸಿಕ್ಕ ಹಾಗೆ. ಇಳಿಯದಿದ್ದರೆ ರಿಸರ್ವಾಯರ್‌ನಿಂದ ಪಂಪ್‌ಗೆ ಬರುವ ರಬ್ಬರ್ ಹೋಸ್‌ನ ಎರಡೂ ತುದಿಗೆ ಇದನ್ನೇ ಮಾಡಿ. ನೊರೆ ಇದ್ದೂ ಎಲ್ಲೂ ಬದಲಾಗಲಿಲ್ಲವೆಂದರೆ ಪುಲಿಯ ಹಿಂದೆ ನೋಡಿ. ಅಲ್ಲಿ ಜಿಡ್ಡು ಒದ್ದೆಯಿದ್ದರೆ ಶಾಫ್ಟ್ ಸೀಲ್ ಹೋಗಿದೆ, ಈ ಬರಹದ ಮದ್ದು ಅದಕ್ಕೆ ನಾಟುವುದಿಲ್ಲ.

ನೊರೆಯೇ ಇಲ್ಲದ ಕೂಗಾದರೆ ಬೆಲ್ಟ್ ತೆಗೆದು ಕೆಲವೇ ಸೆಕೆಂಡ್ ಎಂಜಿನ್ ಓಡಿಸಿ. ಈ 3.5 ಲೀಟರ್ ವಿ6ನಲ್ಲಿ ವಾಟರ್ ಪಂಪ್ ಟೈಮಿಂಗ್ ಬೆಲ್ಟ್‌ನಿಂದ ತಿರುಗುವುದರಿಂದ ಅಷ್ಟು ಹೊತ್ತಿಗೆ ಹೆದರಬೇಕಿಲ್ಲ. ಸದ್ದು ನಿಂತರೆ ಬೆಲ್ಟನ್ನು ಬಿಗಿ ಹಿಡಿದು ದಾರಿ ತೋರಿಸುವ ಟೆನ್ಷನರ್, ಐಡ್ಲರ್ ಪುಲಿಗಳನ್ನು ಕೈಯಲ್ಲಿ ತಿರುಗಿಸಿ ಬೇರಿಂಗ್ ನೋಡಿ. ಸದ್ದೇ ಇಲ್ಲದೆ ಬರೀ ಭಾರವಾದರೆ ಟೈರ್ ಗಾಳಿ, ಸ್ಟ್ರಟ್ ಮೇಲಿನ ಬೇರಿಂಗ್, ಸ್ಟೇರಿಂಗ್ ಶಾಫ್ಟ್‌ನ ಯೂನಿವರ್ಸಲ್ ಜಾಯಿಂಟ್ ನೋಡಿ. ಚಕ್ರಗಳನ್ನು ತಿರುಗಿಸುವ ರ‍್ಯಾಕ್‌ನ ತುದಿಯ ರಬ್ಬರ್ ಬೂಟ್ ಹಿಸುಕಿದಾಗ ಒಳಗೆ ಎಣ್ಣೆ ಕುಲುಕಿದರೆ ರ‍್ಯಾಕ್ ಸೀಲ್ ಹೋಗಿದೆ, ಅದು ದೊಡ್ಡ ಖರ್ಚು.

ಇನ್ನು ಕೆಲಸ. ಇನ್‌ಲೆಟ್ ರಿಂಗ್‌ನ ಪಾರ್ಟ್ ನಂಬರ್ 91345-ಆರ್‌ಡಿಎ-ಎ01, ಔಟ್‌ಲೆಟ್‌ನದು 91370-ಎಸ್‌ವಿ4-000. ಎರಡೂ ತನ್ನಿ, ಎರಡನ್ನೂ ಒಟ್ಟಿಗೆ ಬದಲಿಸಿ. ಬಿಚ್ಚುವ ಶ್ರಮ ಒಂದೇ. ಅಂಗಡಿಯಲ್ಲಿ ನೂರಾರು ರಿಂಗ್ ತುಂಬಿದ ಡಬ್ಬಿ ಅಗ್ಗಕ್ಕೆ ಸಿಗುತ್ತದೆ, ಅದರಲ್ಲಿ ಇದಕ್ಕೆ ಹೊಂದುವಂಥದ್ದೂ ಇರುತ್ತದೆ. ಅದನ್ನೂ ಹಾಕಿ ನೋಡಿದ್ದೇನೆ. ಕೆಲವು ತಿಂಗಳು ಸುಮ್ಮನಿದ್ದ ಸ್ಟೇರಿಂಗ್ ಮತ್ತೆ ಕೂಗಿತು, ತೆಗೆದಾಗ ರಿಂಗ್ ಚಪ್ಪಟೆಯಾಗಿತ್ತು. ಹಳೆಯ ಒರಿಜಿನಲ್ ರಿಂಗ್, ಹೊಸ ಒರಿಜಿನಲ್, ಡಬ್ಬಿಯ ರಿಂಗ್ ಮೂರನ್ನೂ ರಾತ್ರಿ ಫ್ರೀಜರ್‌ನಲ್ಲಿಟ್ಟು ಬೆಳಗ್ಗೆ ಹಿಸುಕಿ ನೋಡಿದರೆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಹೊಸ ಒರಿಜಿನಲ್ ಮಾತ್ರ ಒತ್ತಿದ ಕೂಡಲೇ ಗುಂಡಗಾಯಿತು. ಒಂದೆರಡು ಡಾಲರ್ ಉಳಿಸಲು ಹೋಗಬೇಡಿ.

ಮೊದಲು ಅಡುಗೆಗೆ ಬಳಸುವ ದೊಡ್ಡ ಪಿಚಕಾರಿಯಂಥದ್ದರಿಂದ ರಿಸರ್ವಾಯರ್ ಖಾಲಿ ಮಾಡಿ. ಕೆಳಗಿರುವ ಬೆಲ್ಟ್, ಆಲ್ಟರ್ನೇಟರ್‌ಗಳಿಗೆ ದಪ್ಪ ಬಟ್ಟೆ ಹೊದಿಸಿ. ಎಣ್ಣೆ ಬಿದ್ದ ಬೆಲ್ಟ್ ಜಾರಿ ಕಿರುಚತೊಡಗಿದರೆ ರಿಪೇರಿಯೇ ಕೆಟ್ಟಿತೆಂದು ಭ್ರಮೆಯಾಗುತ್ತದೆ. ಇನ್‌ಲೆಟ್ ಪೈಪ್‌ನ ಬೋಲ್ಟ್‌ಗೆ 10 ಎಂಎಂ ಸಾಕೆಟ್ ಸಾಕು. ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಿ ಅದು ತುಕ್ಕು ಹಿಡಿದಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ, ಮೊದಲು ಕೂದಲೆಳೆಯಷ್ಟು ಬಿಗಿದು ಆಮೇಲೆ ಬಿಚ್ಚಿ. ಪಂಪ್ ಅಲ್ಯೂಮಿನಿಯಂನದು, ಬೋಲ್ಟ್ ಮುರಿದರೆ ಆಗ ನಿಜಕ್ಕೂ ಪಂಪ್ ಬದಲಿಸಬೇಕಾದೀತು.

ಹಳೆಯ ರಿಂಗ್ ತೆಗೆಯಲು ಸ್ಕ್ರೂಡ್ರೈವರ್ ಹಾಕಬೇಡಿ. ಕಬ್ಬಿಣದ ಮೊನೆ ತಾಗಿ ರಿಂಗ್ ಕೂರುವ ತೋಡಿನಲ್ಲಿ ಒಂದು ಗೆರೆ ಬಿದ್ದರೂ ಹೊಸ ರಿಂಗ್ ಪಕ್ಕದಲ್ಲಿ ಗಾಳಿಗೆ ದಾರಿಯಾಗುತ್ತದೆ. ಬಿದಿರಿನ ಕಡ್ಡಿ ಅಥವಾ ಪ್ಲಾಸ್ಟಿಕ್ ಕಡ್ಡಿ ಸಾಕು. ಆ ತೋಡನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಹೊಸ ರಿಂಗ್‌ಗೆ ಅದೇ ಸ್ಟೇರಿಂಗ್ ಎಣ್ಣೆ ಸವರಿ, ತಿರುಚಿಕೊಳ್ಳದಂತೆ ಕೂರಿಸಿ. ಇಷ್ಟು ಎಲ್ಲರೂ ಮಾಡುವುದೇ. ಕೂರಿಸುವ ಮುನ್ನ ರಿಂಗ್‌ಗೆ ನಾನು ಇನ್ನೊಂದು ಉಪಚಾರ ಮಾಡುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಅದಿಲ್ಲದೆಯೂ ಕೆಲಸ ಆಗುತ್ತದೆ. ಪೈಪ್‌ನ ಮುಖ ಪಂಪ್‌ಗೆ ಸಮವಾಗಿ ಅಂಟುವ ತನಕ ಕೈಯಲ್ಲೇ ಒತ್ತಿ, ಬೋಲ್ಟ್ ಹದವಾಗಿ ಬಿಗಿಯಿರಿ. ಸುಮಾರು 11 ನ್ಯೂಟನ್ ಮೀಟರ್ ಸಾಕು. ಬೋಲ್ಟ್ ಎಳೆದು ಸಂದಿ ಮುಚ್ಚುವ ಯತ್ನ ಮಾಡಿದರೆ ಪೈಪ್‌ನ ಮುಖ ಓರೆಯಾಗುತ್ತದೆ.

ಬರೀ ರಿಂಗ್ ಬದಲಿಸಿ "ಆಗಲಿಲ್ಲ" ಎಂದವರು ಬಿಟ್ಟದ್ದು ರಿಸರ್ವಾಯರ್. ಅದರ ತಳದಲ್ಲಿ ಸಣ್ಣ ಜಾಲರಿ ಇದೆ. ಅದನ್ನು ಬಿಚ್ಚಲಾಗದು, ಮೇಲಿಂದ ಸರಿಯಾಗಿ ಕಾಣುವುದೂ ಇಲ್ಲ. ವರ್ಷಗಟ್ಟಲೆಯ ಕಪ್ಪು ಕೆಸರು ಅದರಲ್ಲಿ ಸೇರಿದರೆ ಪಂಪ್ ಎಷ್ಟೇ ಹೀರಿದರೂ ಎಣ್ಣೆ ಸಾಲುವುದಿಲ್ಲ, ಹೀರುವ ಬಲ ಹೆಚ್ಚಾದಷ್ಟೂ ರಿಂಗ್ ಪಕ್ಕದಿಂದ ಗಾಳಿ ನುಗ್ಗುವುದೂ ಹೆಚ್ಚು. ಹೊಸ ಪಂಪ್ ಹಾಕಿಸಿದ ಮೇಲೂ ಕೂಗುವ ಗಾಡಿಗಳ ಗುಟ್ಟು ಇದೇ: ಪಂಪ್ ಹೊಸದು, ಜಾಲರಿ ಹಳೆಯದು, ಎಷ್ಟೋ ಕಡೆ ರಿಂಗ್ ಕೂಡ ಹಳೆಯದೇ. ಒಂದೇ ಗಾಡಿಗೆ ಎರಡನೇ ಪಂಪ್ ಹಾಕಿಸಿದವರೂ ಇದ್ದಾರೆ. ರಿಸರ್ವಾಯರ್ ಬಿಚ್ಚಿ ಬ್ರೇಕ್ ಕ್ಲೀನರ್ ಅನ್ನು ಹೊರಹೋಗುವ ನಳಿಕೆಯಿಂದ ಒಳಮುಖವಾಗಿ ಹೊಡೆದರೆ ಕೆಸರು ಕಳಚುತ್ತದೆ. ಪೂರ್ತಿ ಒಣಗಿಸಿಯೇ ಮರಳಿ ಹಾಕಬೇಕು. ಬೆಳಕಿಗೆ ಹಿಡಿದಾಗ ಜಾಲರಿ ಇನ್ನೂ ಮಂಕಾಗಿದ್ದರೆ ಹೊಸ ರಿಸರ್ವಾಯರ್ ತನ್ನಿ. ಸುಮಾರು 40 ಡಾಲರ್ ಕೊಟ್ಟ ನೆನಪು. ಹೋಸ್ ತುದಿ ಗಡುಸಾಗಿದ್ದರೆ ಅಷ್ಟು ಕತ್ತರಿಸಿ, ಕ್ಲಿಪ್ ಅನ್ನು ಹಳೆಯ ಗುರುತಿನಿಂದ ಸ್ವಲ್ಪ ಸರಿಸಿ ಹಾಕಿ.

ಎಣ್ಣೆ ಹೊಂಡಾದ್ದೇ ಆಗಬೇಕು. ಬೇರೆ ಸ್ಟೇರಿಂಗ್ ಎಣ್ಣೆಯಾಗಲಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ) ಆಗಲಿ ಹಾಕಿದರೆ ಸವೆತ ಹೆಚ್ಚುತ್ತದೆ, ಚಳಿಯಲ್ಲಿ ಸ್ಟೇರಿಂಗ್ ಕೆಡುತ್ತದೆ ಎಂದು ಕಂಪನಿಯೇ ಬರೆದಿದೆ, ನಾನು ಕಂಡದ್ದೂ ಹಾಗೆಯೇ. ಸೋರಿಕೆ ನಿಲ್ಲಿಸುವ ಮಂದ ದ್ರವ ಸುರಿಯುವ ಸಲಹೆ ಬಹಳ ಜನ ಕೊಡುತ್ತಾರೆ. ಬೇಸಿಗೆಯಲ್ಲಿ ಸದ್ದು ಅಡಗಿದಂತೆ ಅನಿಸುತ್ತದೆ. ಮೊದಲ ಹಿಮ ಬಿದ್ದಾಗ ಆ ಮಂದ ಎಣ್ಣೆ ಜಾಲರಿ ದಾಟಲಾರದೆ ಮೊದಲಿಗಿಂತ ಜೋರಾಗಿ ಕೂಗಿಸುತ್ತದೆ.

ಗಾಳಿ ತೆಗೆಯುವ ಹಂತದಲ್ಲೇ ಬಹಳಷ್ಟು ಜನ ಸೋಲುವುದು. ಎಣ್ಣೆ ತುಂಬಿ, ಸ್ಟಾರ್ಟ್ ಮಾಡಿ, ವೀಲ್ ಅತ್ತಿತ್ತ ತಿರುಗಿಸಿದರೆ ಪಂಪ್ ಗಾಳಿಯನ್ನೂ ಎಣ್ಣೆಯನ್ನೂ ಕಡೆದು ನೊರೆ ಮಾಡಿಬಿಡುತ್ತದೆ. ಆ ನೊರೆ ಆರಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ "ರಿಂಗ್ ಹಾಕಿದರೂ ಪ್ರಯೋಜನವಿಲ್ಲ" ಎಂಬ ತೀರ್ಪು ಬಂದಿರುತ್ತದೆ. ನಾನು ಮುಂದಿನ ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಇಟ್ಟೇ ಸ್ಟೇರಿಂಗನ್ನು ಕೊನೆಯಿಂದ ಕೊನೆಗೆ ನಿಧಾನಕ್ಕೆ ತಿರುಗಿಸುತ್ತೇನೆ. ಇಪ್ಪತ್ತು ಸುತ್ತಾದರೂ ಬೇಕು, ಅವಸರ ಕೂಡದು. ಎಣ್ಣೆ ರಿಸರ್ವಾಯರ್‌ಗೆ ಮರಳುವ ರಿಟರ್ನ್ ಹೋಸನ್ನು ಬಾಟಲಿಗೆ ಇಳಿಸಿ, ರಿಸರ್ವಾಯರ್‌ನ ಆ ನಳಿಕೆಗೆ ಬಿರಡೆ ಹಾಕಿದರೆ ಹಳೆಯ ಕಪ್ಪು ಎಣ್ಣೆಯೂ ಇದರಲ್ಲೇ ಹೊರಬರುತ್ತದೆ. ರಿಸರ್ವಾಯರ್ ಬರಿದಾಗದಂತೆ ಯಾರಾದರೂ ಸುರಿಯುತ್ತಿರಬೇಕು. ಮೂರು ಬಾಟಲಿ, ಅಂದರೆ ಒಂದು ಲೀಟರ್‌ಗೆ ತುಸು ಹೆಚ್ಚು, ನನಗೆ ಸಾಕಾಗಿದೆ.

ಆಮೇಲೆ ಹೋಸ್ ಮರುಜೋಡಿಸಿ, ರಿಸರ್ವಾಯರ್ ಬಾಯಿಗೆ ಬಿಗಿ ರಬ್ಬರ್ ಬಿರಡೆ ಇಟ್ಟು, ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪ್‌ನಿಂದ 20 ಇಂಚು ಪಾದರಸದವರೆಗೆ ಎಳೆದು ಐದಾರು ನಿಮಿಷ ಬಿಡಿ. ಗುಳ್ಳೆ ಬುಳುಬುಳು ಏಳುತ್ತವೆ. ಪಂಪ್‌ನ ಮೀಟರ್ ಮುಳ್ಳು ತಾನಾಗಿ ಇಳಿಯುತ್ತಿದ್ದರೆ ಮೊದಲು ಬಿರಡೆಯನ್ನು ಅನುಮಾನಿಸಿ, ಅದು ಬಿಗಿಯಾಗಿದ್ದರೆ ಇನ್ನೂ ಎಲ್ಲೋ ಸಂದಿ ಇದೆ ಎಂದರ್ಥ. ಹೊಸ ರಿಂಗ್ ಸರಿ ಕೂತಿದೆಯೇ ಎಂಬ ಪರೀಕ್ಷೆಯೂ ಇದರಲ್ಲೇ ಮುಗಿಯುತ್ತದೆ. ಬಿರಡೆಯನ್ನು ಯಾವುದರಿಂದ ಮಾಡಿಕೊಂಡೆ ಎಂಬುದನ್ನು ಇಲ್ಲಿ ಬಿಡುತ್ತೇನೆ, ಮನೆಯಲ್ಲೇ ಸಿಗುವ ವಸ್ತು, ಹುಡುಕಿದರೆ ನಿಮಗೂ ಸಿಗುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಸ್ಟೇರಿಂಗನ್ನು ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ಪಂಪ್ ಆಗ ಗರಿಷ್ಠ ಒತ್ತಡದಲ್ಲಿ ಕಾಯುತ್ತದೆ.

ಕುತೂಹಲಕ್ಕೆ ರಿಟರ್ನ್ ಲೈನ್‌ನಲ್ಲಿ ಎಣ್ಣೆ ತಡೆಯುವ ಪಾರದರ್ಶಕ ಹೋಸ್‌ನ ತುಂಡೊಂದನ್ನು ಸ್ವಲ್ಪ ಹೊತ್ತು ಹಾಕಿ ನೋಡಿದೆ. ವ್ಯಾಕ್ಯೂಮ್ ಎಳೆಯುವ ಮೊದಲು ಹಾಲಿನಂತಿದ್ದದ್ದು ಆಮೇಲೆ ತಿಳಿಯಾಯಿತು. ರಿಸರ್ವಾಯರ್ ತಳಕ್ಕೆ ಹೊರಗಿನಿಂದ ಗಟ್ಟಿ ಅಯಸ್ಕಾಂತ ಅಂಟಿಸಿಯೂ ನೋಡಿದೆ. ಹಳೆಯ ಎಣ್ಣೆಯಿದ್ದಾಗ ಸಣ್ಣ ಕಪ್ಪು ಪುಡಿ ಸೇರುತ್ತಿತ್ತು, ಎಣ್ಣೆ ಬದಲಿಸಿದ ಮೇಲೆ ಬಹುತೇಕ ಏನೂ ಇಲ್ಲ. ಅಯಸ್ಕಾಂತವನ್ನು ಈಗಲೂ ತೆಗೆದಿಲ್ಲ.

ದುಡ್ಡಿನ ಮಾತು. ಡೀಲರ್ ಹತ್ತಿರ ಪಂಪ್ ಬದಲಿಸಲು 700 ಡಾಲರ್ ಆಸುಪಾಸು ಹೇಳಿದ್ದರು. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿಯಾದ ಹಳೆ ಪಂಪ್ ಹಾಕಿಸಿದರೂ ಕೂಲಿ ಸೇರಿ 350 ದಾಟುತ್ತಿತ್ತು. "ರ‍್ಯಾಕ್ ಕೂಡ ನೋಡಬೇಕು" ಅಂದರೆ ಸಾವಿರದ ಮೇಲೆ. ನನಗೆ ಎರಡು ರಿಂಗ್ 10 ಡಾಲರ್ ಒಳಗೆ, ಎಣ್ಣೆ 20–25, ರಿಸರ್ವಾಯರ್ ಸೇರಿ ಒಟ್ಟು 80 ದಾಟಲಿಲ್ಲ. ವ್ಯಾಕ್ಯೂಮ್ ಪಂಪ್‌ನ ದುಡ್ಡು ಇದರಲ್ಲಿ ಸೇರಿಲ್ಲ, ಅದು ಬ್ರೇಕ್ ಕೆಲಸಕ್ಕೂ ಬರುತ್ತದೆ. ಪಂಪ್ ಹೋಗಿದೆ ಎಂದು ತೀರ್ಮಾನವಾಗಿದ್ದ ಗಾಡಿ ಅದೇ ಹಳೆಯ ಪಂಪ್‌ನಲ್ಲಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಸದ್ದಿಲ್ಲದೆ ತಿರುಗುತ್ತಿದೆ. ತಲೆಯಾಡಿಸಿದವರೇ ಈಗ ಪಾರ್ಟ್ ನಂಬರ್ ಕೇಳುತ್ತಿದ್ದಾರೆ.

ಊರಿನಿಂದಲೂ ಇನ್ನೋವಾದ ಇಂಥದೇ ಸದ್ದಿನ ಬಗ್ಗೆ ಕೇಳುತ್ತಾರೆ. ಬಿಡದಿಯಲ್ಲಿ ತಯಾರಾದ ಮೊದಲ ತಲೆಮಾರಿನ ಇನ್ನೋವಾದಲ್ಲೂ ಸ್ಟೇರಿಂಗ್ ಎಣ್ಣೆಯ ಒತ್ತಡದ್ದೇ, ಆದ್ದರಿಂದ ನೊರೆ, ಮಟ್ಟ, ಗ್ರೀಸ್ ಪರೀಕ್ಷೆ ಅಲ್ಲೂ ನಡೆಯುತ್ತದೆ. ಎಣ್ಣೆ ಮಾತ್ರ ಬೇರೆ, ಅದಕ್ಕೆ ಡೆಕ್ಸ್‌ರಾನ್ ಬಗೆಯ ಎಟಿಎಫ್. ಹೊಂಡಾದ ಬಾಟಲಿ ಅಲ್ಲಿಗೆ ಬೇಡ, ಅಲ್ಲಿಯದು ಇಲ್ಲಿಗೆ ಬೇಡ. 2018ರಿಂದ ಈಚಿನ ಒಡಿಸ್ಸಿಗಳಲ್ಲಿ ಸ್ಟೇರಿಂಗ್ ಎಲೆಕ್ಟ್ರಿಕ್, ಅವುಗಳಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ.

ಕೆಲಸ ಮುಗಿದ ಮಾರನೇ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಮಟ್ಟ ನೋಡಿ, ಅಲ್ಪಸ್ವಲ್ಪ ಇಳಿದಿರುವುದು ಸಹಜ, ತುಂಬಿ. ಒಂದು ವಾರದ ನಂತರವೂ ಅಂಚಿನಲ್ಲಿ ಗುಳ್ಳೆ ಕಂಡರೆ ಪಂಪ್ ಕಡೆಯ ಜಾಯಿಂಟ್ ಮತ್ತೆ ಬಿಚ್ಚಬೇಡಿ. ರಿಸರ್ವಾಯರ್ ಕಡೆಯ ಹೋಸ್ ಕ್ಲಿಪ್ ಸರಿಸಿ ನೋಡಿ, ಉಳಿದದ್ದು ಬಹುಮಟ್ಟಿಗೆ ಅಲ್ಲೇ ಇರುತ್ತದೆ.